ನುಡಿಯ ಕೊನೆಯಲ್ಲಿ ಯಾರ ಹೆಸರು?

ಸೂಕ್ತಿಯೆಂದರೆ ಚೆನ್ನಾಗಿ ಆಡಿದ ಮಾತು. 'ಸು' ಮತ್ತು 'ಉಕ್ತಿ' ಕೂಡಿ ಆದ ಈ ಪದದೊಳಗೆ ಆಡಿದವರು ಯಾರು ಎಂಬ ವಿಚಾರಕ್ಕೆ ಎಡೆಯೇ ಇಲ್ಲ, ಆದರೆ ಇಂದಿನ ಸೂಕ್ತಿಪ್ರಿಯರಿಗೆ ಮಾತಿಗಿಂತ ಅದರ ಕೆಳಗಿನ ಹೆಸರೇ ದೊಡ್ಡದು. ಧಾರವಾಡದ ಪಡುವಣ ಅಂಚಿನ ಕೆಲಗೇರಿಯಲ್ಲಿ ನಸುಕಿಗೆ ಕೆರೆಯ ದಂಡೆಗೆ ತಿರುಗಾಡಲು ಬರುವವರ ಫೋನುಗಳಲ್ಲಿ, ಶಾಲೆಯ ಕರಿಹಲಗೆಯ ಮೇಲಂಚಿನಲ್ಲಿ 'ಸುವಿಚಾರ' ಎಂಬ ತಲೆಬರಹದಡಿ, ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಹಾಳೆಯ ಬುಡದಲ್ಲಿ ದಿನವೂ ಹೊಸದಾಗಿ ಹುಟ್ಟುವ ನುಡಿಮುತ್ತುಗಳಲ್ಲಿ ಒಂದೇ ಮಾತು ಸೋಮವಾರ ಬುದ್ಧನದಾಗಿ, ಬುಧವಾರ ವಿವೇಕಾನಂದರದಾಗಿ, ಶನಿವಾರದ ಹೊತ್ತಿಗೆ ಅಬ್ದುಲ್ ಕಲಾಂ ಅವರದಾಗಿ ಬದಲಾಗುವುದನ್ನು ಈ ಅಂಕಣದ ಓದುಗರು ಬಲ್ಲರು. ಸಂಸಾರ, ಸೃಷ್ಟಿ, ಬದುಕು ಎಂಬ ಮೂರು ಕಟ್ಟುಗಳಲ್ಲಿ ಧಾರವಾಡದ ದೊಡ್ಡವರ ಮಾತುಗಳನ್ನು ಆಯ್ದು ಕೊಡುವುದಾಗಿ ಕಳೆದ ವಾರ ಒಪ್ಪಿಕೊಂಡದ್ದಾಗಿತ್ತು. ಬೇಂದ್ರೆಯವರ ಹುಟ್ಟುಹಬ್ಬವಾದ ಜನವರಿ 31 ಹತ್ತಿರ ಬಂದಿದೆ, ಅಚ್ಚಿಗೆ ಹೋಗುವ ಗಳಿಗೆಯೂ ಹತ್ತಿರ ಬಂದಿದೆ, ಆದರೆ ಆಯಲು ಕುಳಿತಾಗ ಮೊದಲ ಮಾತಿನ ಕೆಳಗೆ ಯಾವ ಹೆಸರು ಬರೆಯಬೇಕು ಎಂಬಲ್ಲಿಯೇ ಕೆಲಸ ನಿಂತಿತು.

ನಿಂತದ್ದಕ್ಕೆ ಕಾರಣ 'ಅಂಕಿತ'. ವಚನ, ಕೀರ್ತನೆ ಮೊದಲಾದವುಗಳ ಕೊನೆಗೆ ಕವಿ ಇಡುವ ಮುದ್ರೆಯ ಮಾತಿಗೆ ಅಂಕಿತವೆನ್ನುತ್ತಾರೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ಇದನ್ನು ಇಂದಿನ ಸಹಿಯಂತೆ ತಿಳಿಯುವುದು ರೂಢಿ, ಆದರೆ ಸಹಿ ಹಾಕುವವನು ತನ್ನ ಹೆಸರನ್ನು ಬರೆಯುತ್ತಾನೆ, ಅಂಕಿತ ಇಡುವವನು ತನ್ನದಲ್ಲದ ಹೆಸರನ್ನು ಬರೆಯುತ್ತಾನೆ. ಈ ಭೇದವನ್ನು ಒರೆಸಿಹಾಕುವುದರಲ್ಲಿ ಗೋಡೆಬರಹದ ಪಂಥ ಎಷ್ಟು ಪಳಗಿದೆಯೆಂಬುದಕ್ಕೆ ಒಳ್ಳೆಯ ಸಾಕ್ಷಿ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. 1943ರಲ್ಲಿ ಪ್ರಕಟವಾದ, 945 ಪದ್ಯಗಳ ಈ ಗ್ರಂಥದ ಹೆಸರಿನಲ್ಲೇ ಕವಿಯ ಎಚ್ಚರವಿದೆ: ಕಗ್ಗವೆಂದರೆ ಅರ್ಥ ಸುಲಭವಾಗಿ ಬಿಡಿಸಲಾಗದ ಗೊಣಗಾಟ, ಅದನ್ನು ಗೊಣಗುವವನು ತಿಮ್ಮನೆಂಬ ಮಂಕ. ಎಂದರೆ ಈ ಮಾತನ್ನು ಪ್ರಮಾಣವೆಂದು ಹಿಡಿಯಬೇಡಿ, ಒಬ್ಬ ಮಂಕನ ತೊದಲೆಂದು ಕೇಳಿ ಎಂಬ ವಿನಯವನ್ನು ಕವಿ ಪ್ರತಿ ಪದ್ಯದ ತುದಿಗೂ ಗಂಟು ಹಾಕಿದ್ದಾರೆ. ಬೆಂಗಳೂರು, ಮೈಸೂರು ಸೀಮೆಯ ಸೂಕ್ತಿಪಂಥದವರು ಮಾಡಿದ್ದೇನೆಂದರೆ ಆ ಮಂಕನನ್ನು ಸಾಲಿನಿಂದ ಕಿತ್ತು, ಕೆಳಗೆ ದಪ್ಪಕ್ಷರದಲ್ಲಿ ಡಿ.ವಿ.ಜಿ. ಎಂದು ಬರೆದು, ಗೊಣಗಾಟವನ್ನು ಉಪದೇಶವಾಗಿಸಿದ್ದು. ಈ ಪಂಥಕ್ಕೂ ಈ ಅಂಕಣಕ್ಕೂ ಹಳೆಯ ಲೆಕ್ಕವಿದೆ ಎಂಬುದು ಗುಟ್ಟೇನಲ್ಲ. ಆದರೆ ಕಗ್ಗದ ಮೇಲೆ ತಕರಾರಿಲ್ಲ, ತಕರಾರಿರುವುದು ತಿಮ್ಮನನ್ನು ಮನೆಯಿಂದ ಹೊರಗಟ್ಟಿ ಮನೆಗೆ ಬಣ್ಣ ಹೊಡೆದವರ ಮೇಲೆ.

ಧಾರವಾಡದವರೂ ಈ ತಪ್ಪಿನಿಂದ ದೂರವಿಲ್ಲ. ಕೆಲಗೇರಿಗೆ ಸಾಧನಕೇರಿ ಬಹಳ ದೂರವೇನಲ್ಲ. ಅಲ್ಲಿಯ 'ಶ್ರೀಮಾತಾ' ಎಂಬ ಮನೆಯಲ್ಲಿ ಬಾಳಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು (1896–1981) ಕವನಗಳನ್ನು ಆ ಹೆಸರಿನಿಂದ ಹೊರತರಲಿಲ್ಲ, ಅಂಬಿಕಾತನಯದತ್ತ ಎಂಬ ಹೆಸರಿನಿಂದ ಹೊರತಂದರು, ಮತ್ತು ಒಳಗಿನಿಂದ ನುಡಿಸುವವನು ಅಂಬಿಕಾತನಯದತ್ತ, ಅದನ್ನು ಕನ್ನಡದಲ್ಲಿ ಲೋಕಕ್ಕೆ ಮುಟ್ಟಿಸುವವನಷ್ಟೇ ಬೇಂದ್ರೆ ಎಂಬ ಭೇದವನ್ನು ಕಡೆಯವರೆಗೂ ಕಾದುಕೊಂಡರು. ಎರಡೂ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ದ.ರಾ. ಎಂಬುದರ 'ರಾ' ತಂದೆ ರಾಮಚಂದ್ರರದು. ಶಾಲೆಯ ದಾಖಲೆ, ನೌಕರಿ, ಜೈಲಿನ ಪಟ್ಟಿ ಎಲ್ಲಕ್ಕೂ ಸಲ್ಲುವ ಹೆಸರು ಅದು. ಕಾವ್ಯಕ್ಕೆ ಸಲ್ಲುವ ಹೆಸರಿನಲ್ಲಿ ತಂದೆ ಇಲ್ಲ, ತಾಯಿ ಅಂಬಿಕೆ ಇದ್ದಾಳೆ. ತಂದೆ ಎಳವೆಯಲ್ಲೇ ತೀರಿಕೊಂಡ ಮೇಲೆ ತಾಯಿಯ ದುಡಿಮೆಯಲ್ಲಿ ಬೆಳೆದ ಮಗ ತನ್ನ ಕಾವ್ಯದ ಮೇಲೆ ಹಾಕಿದ ಋಣದ ಮುದ್ರೆ ಇದು ಎನ್ನಬಹುದು, ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ: ಹೆತ್ತ ತಾಯಿಯ ಜತೆಗೆ ಕನ್ನಡಮಾತೆ, ಭಾರತಮಾತೆ, ಭೂಮಾತೆ, ವಿಶ್ವಮಾತೆ ಎಂದು ಐವರು ತಾಯಂದಿರನ್ನು ಅವರು ಎಣಿಸಿದರು. ತಾಯಿಯ ಹೆಸರಿನಿಂದ ಮಗನನ್ನು ಗುರುತಿಸುವುದು ಈ ಸೀಮೆಗೆ ಹೊಸದೂ ಅಲ್ಲ. ಬಾದಾಮಿಯ ಚಾಲುಕ್ಯರು ಶಾಸನಗಳಲ್ಲಿ ತಮ್ಮನ್ನು ಹಾರಿತೀಪುತ್ರರೆಂದು ಕರೆದುಕೊಂಡಿದ್ದಾರೆ. ಹೀಗಿರುವಾಗ ಕವಿತೆಯ ಎರಡು ಸಾಲು ಕಿತ್ತು ಅದರಡಿ 'ದ.ರಾ. ಬೇಂದ್ರೆ' ಎಂದು ಬರೆಯುವವರು, ತಿಳಿದೋ ತಿಳಿಯದೆಯೋ, ತಾಯಿಯ ಹೆಸರನ್ನು ಅಳಿಸಿ ತಂದೆಯ ಹೆಸರನ್ನು ತುಂಬುತ್ತಾರೆ. ಸಂಸಾರದ ಬಗೆಗಿನ ಸೂಕ್ತಿಗಳ ಕಟ್ಟಿನಲ್ಲಿ ಮೊದಲು ಸೇರಬೇಕಾದದ್ದು ಆ ಎರಡು ಸಾಲಲ್ಲ, ಆ ಅಂಕಿತ.

ಸೃಷ್ಟಿಯ ಕಟ್ಟಿಗೆ ಸೇರಬೇಕಾದದ್ದೂ ಬೇಂದ್ರೆಯವರದೇ. ಕವಿ ತನ್ನ ಪಾಡನ್ನು ತನ್ನಲ್ಲೇ ಉಳಿಸಿಕೊಂಡು ರಸಿಕನಿಗೆ ಅದರ ಹಾಡನ್ನಷ್ಟೇ ಒಪ್ಪಿಸುತ್ತಾನೆ ಎಂಬ ಭಾವದ ಅವರ ಮಾತು ಕರ್ನಾಟಕದ ಉದ್ದಗಲಕ್ಕೂ ಭಾಷಣಗಳಲ್ಲಿ ಬಳಕೆಯಾಗಿದೆ, ಮತ್ತು ಬಹುಪಾಲು ಭಾಷಣಕಾರರು ಅದನ್ನು ಪ್ರಾಸದ ಚಮತ್ಕಾರವೆಂದು ಬಗೆದು ಮುಂದೆ ಸಾಗುತ್ತಾರೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ಪೂ ಹೂವಾಯಿತು, ಹಾಗೆಯೇ ಪಾಡು ಹಾಡಾಯಿತು. ಆದರೆ ಸ್ಥಿತಿ, ಅವಸ್ಥೆ ಎಂಬ ಅರ್ಥದ ಇನ್ನೊಂದು ಪಾಡು ಮಾತ್ರ ಬದಲಾಗದೆ ಇಂದಿಗೂ ಪಾಡಾಗಿಯೇ ನಿಂತಿದೆ, 'ಪಡಬಾರದ ಪಾಡು ಪಟ್ಟ' ಎಂಬಲ್ಲಿ ಕಾಣುವಂತೆ. ಒಂದು ಕಾಲಕ್ಕೆ ಒಂದೇ ಸದ್ದಾಗಿದ್ದ ಎರಡು ಮಾತುಗಳಲ್ಲಿ ಒಂದು ನಾಲಿಗೆಯ ಮೇಲೆ ಹಗುರಾಗಿ ಹಾಡಾಯಿತು, ಇನ್ನೊಂದು ಗಟ್ಟಿಯಾಗಿ ಒಳಗೇ ಉಳಿಯಿತು. ಬೇಂದ್ರೆಯವರು ಹೇಳಿದ್ದು ಕವಿಯ ಧರ್ಮವನ್ನು, ಹೇಳಿಸಿದ್ದು ಕನ್ನಡ ಭಾಷೆಯ ಚರಿತ್ರೆಯಿಂದ. ಕನ್ನಡ ಬಲ್ಲ ಕಿವಿಗಲ್ಲದೆ ಈ ಮಾತು ಪೂರ್ತಿಯಾಗಿ ದಕ್ಕುವುದಿಲ್ಲವಾದ್ದರಿಂದ ಅನುವಾದದ ಸೂಕ್ತಿಸಂಗ್ರಹಗಳಲ್ಲಿ ಅದು ಬರಿಯ ಸಪ್ಪೆ ಹೇಳಿಕೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಆ ಪಾಡು ಎಂಥದೆಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. 'ನರಬಲಿ' ಎಂಬ ಪದ್ಯದ ದೆಸೆಯಿಂದ 1932ರಲ್ಲಿ ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಪಕ್ಕದ ಮುಗದದಲ್ಲಿ ನಿರ್ಬಂಧದ ವಾಸ, ಕೈತಪ್ಪಿದ ನೌಕರಿ, ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರ ಸಾವು. 1937ರ 'ಸಖೀಗೀತ' ಈ ಎಲ್ಲವನ್ನೂ ಹೆಂಡತಿಯನ್ನು ಸಖಿಯೆಂದು ಕರೆದು ಅವಳೆದುರು ಹೇಳಿಕೊಂಡ ದಾಂಪತ್ಯದ ಕಥನ. ಮಗು ತೀರಿಕೊಂಡ ಗಳಿಗೆಯಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಮಾತಾಗಿ ಬಂದ ಇನ್ನೊಂದು ಪದ್ಯದ ಮೊದಲ ಸಾಲನ್ನಷ್ಟೇ ಕೇಳಿದವರು ಅದನ್ನು ಪ್ರಣಯಗೀತೆಯೆಂದು ತಿಳಿದು ಗುಲಾಬಿ ಹೂವಿನ ಚಿತ್ರದ ಮೇಲೆ ಅಚ್ಚು ಹಾಕುವುದುಂಟು, ಅಷ್ಟು ಸಾಲದೆಂಬಂತೆ ಆ ಸಾಲಿನಲ್ಲಿರುವ ಧಾರವಾಡದ 'ಬ್ಯಾಡ'ವನ್ನು ತಿದ್ದಿ 'ಬೇಡ' ಮಾಡುವುದೂ ಉಂಟು.

ಅಂಕಿತ ನಂಬಿಕೆಗೆ ಅರ್ಹವೇ ಎಂಬ ಪ್ರಶ್ನೆಯನ್ನು ಎದುರುಪಕ್ಷದವರು ಎತ್ತಬಹುದು, ಎತ್ತುವುದು ನ್ಯಾಯವೂ ಹೌದು. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಓಲೆಗರಿ, ಹಸ್ತಪ್ರತಿ, ಜನರ ಬಾಯಿ ಎಲ್ಲವನ್ನೂ ಸೋಸಿ 1924ರಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಪುಸ್ತಕವಾಗಿ ತಂದಾಗ ಅವರಿಗೆ ಎದುರಾದ ತೊಡಕು ಇದೇ: ಮೂರು ಸಾಲು ಕಟ್ಟಬಲ್ಲ ಯಾರೇ ಆದರೂ ಕೊನೆಗೆ 'ಸರ್ವಜ್ಞ' ಎಂದು ಸೇರಿಸಿದರೆ ಸಾಕು, ಪದ್ಯ ಸರ್ವಜ್ಞನದಾಗುತ್ತಿತ್ತು. ಇಂದು ಆ ಹೆಸರಿನಲ್ಲಿ ಓಡಾಡುವ ಸುಮಾರು 2,000 ತ್ರಿಪದಿಗಳಲ್ಲಿ ಒಬ್ಬನ ಬಾಯಿಂದ ಬಂದವು ಎಷ್ಟು, ಊರವರು ಕಾಣಿಕೆ ಹಾಕಿದವು ಎಷ್ಟು ಎಂದು ಬೇರ್ಪಡಿಸುವುದು ಹಾಲಿನಲ್ಲಿ ಬೆರೆತ ನೀರನ್ನು ಹುಡುಕಿದಂತೆ. ಅಂಕಿತ ಅಷ್ಟು ಸಡಿಲವಾಗಿದ್ದರೂ ಅದನ್ನು ಬದಲಿಸುವುದು ಮಾತ್ರ ಸಡಿಲ ಸಂಗತಿಯಲ್ಲ. ಮಾತೆ ಮಹಾದೇವಿಯವರು 'ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಮಾಡಿದಾಗ 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, ಆ ಆದೇಶವನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸೂಕ್ತಿಯ ಕೊನೆಯ ಒಂದು ಪದಕ್ಕಾಗಿ ಇಷ್ಟು ದೂರ ಹೋದ ಭಾಷೆಗಳು ಹೆಚ್ಚಿರಲಾರವು.

ಇನ್ನು, ಈ ಅಂಕಣ ಮತ್ತೆ ಮತ್ತೆ ಮರಳುವ ಪ್ರಾಚೀನ ಗ್ರಂಥ ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'; ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಸುಮಾರು 1245ರಲ್ಲಿ, ಹಿಂದಿನ ಕವಿಗಳ ಪದ್ಯಗಳನ್ನು ಸಮುದ್ರ, ಪರ್ವತ, ಪುರ, ಸೂರ್ಯೋದಯ, ಚಂದ್ರೋದಯ ಎಂಬಂಥ ಹದಿನೆಂಟು ವರ್ಣನೆಗಳ ಕ್ರಮದಲ್ಲಿ ಹಂಚಿ ಜೋಡಿಸಿದ ಸಂಕಲನವಿದು. ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮುಜುಗರವೆಂದರೆ, ಯಾವ ಪದ್ಯ ಯಾವ ಕವಿಯದೆಂದು ಮಲ್ಲಿಕಾರ್ಜುನನೂ ಹೇಳಿಲ್ಲ. ಕಳೆದುಹೋದ ಕಾವ್ಯಗಳ ಚೂರುಗಳು ಅವನ ಕಣಜದಲ್ಲಿ ಉಳಿದಿವೆ. ಒಂದನೆಯ ಗುಣವರ್ಮನ 'ಶೂದ್ರಕ'ದಂಥ ಕೃತಿ ಹೇಗಿತ್ತೆಂದು ಊಹಿಸಲು ವಿದ್ವಾಂಸರು ಇಂಥ ಸಂಕಲನಗಳನ್ನೇ ಜಾಲಾಡಬೇಕಾಯಿತು. ಹಾಗಾದರೆ ಹೆಸರು ಅಳಿಸುವ ಪಂಥದ ಮೂಲಪುರುಷ ಇವನೇ ಅಲ್ಲವೇ ಎಂದರೆ, ಉತ್ತರ ಅವನ ಮನೆಯಲ್ಲಿದೆ. ಮಲ್ಲಿಕಾರ್ಜುನನ ಮಗ ಕೇಶಿರಾಜ, 'ಶಬ್ದಮಣಿದರ್ಪಣ' ಎಂಬ ಹಳಗನ್ನಡ ವ್ಯಾಕರಣವನ್ನು ಬರೆದವನು. ತನ್ನ ಗ್ರಂಥದಲ್ಲಿ ಅವನು ತನ್ನನ್ನು ಪರಿಚಯಿಸಿಕೊಳ್ಳುವುದು ಕವಿ ಸುಮನೋಬಾಣನ ಮಗಳ ಮಗನೆಂದು, ಮಲ್ಲಿಕಾರ್ಜುನನ ಮಗನೆಂದು, 'ಯಶೋಧರಚರಿತೆ'ಯ ಜನ್ನನ ಸೋದರಳಿಯನೆಂದು. ಅಜ್ಜ, ತಂದೆ, ಸೋದರಮಾವ ಎಲ್ಲರನ್ನೂ ಸಾಕ್ಷಿಗೆ ಕರೆದ ಮೇಲೆ, ತನ್ನ ಪ್ರಯೋಗಗಳಿಗೆ ಆಧಾರವಾದ ಹಳೆಯ ಕವಿಗಳನ್ನೂ ಗಜಗ, ಗುಣನಂದಿ, ಅಸಗ, ಪೊನ್ನ, ಪಂಪ ಎಂದು ಹೆಸರು ಹಿಡಿದು ನೆನೆದಿದ್ದಾನೆ. ತಂದೆ ಸಾಲುಗಳನ್ನು ಉಳಿಸಿದ, ಮಗ ಹೆಸರುಗಳನ್ನು ಉಳಿಸಿದ. ಸಂಸಾರ ಮತ್ತು ಸೃಷ್ಟಿ ಎಂಬ ಎರಡು ಕಟ್ಟುಗಳನ್ನು ಬೇರೆಬೇರೆ ಮಾಡಲು ಹೊರಟದ್ದೇ ತಪ್ಪೇನೋ ಎಂಬ ಅನುಮಾನ ಇಲ್ಲಿಂದ ಶುರುವಾಗುತ್ತದೆ.

ಅನುಮಾನವನ್ನು ಬಲಪಡಿಸುವ ಮಾತೊಂದು ಗಿರೀಶ ಕಾರ್ನಾಡರ ಆತ್ಮಕಥೆಯಲ್ಲಿದೆ. ಬೇಂದ್ರೆಯವರ ಪದ್ಯದಿಂದ ಎತ್ತಿಕೊಂಡ 'ಆಡಾಡತ ಆಯುಷ್ಯ' ಎಂಬ ಅಪ್ಪಟ ಧಾರವಾಡದ ಶೀರ್ಷಿಕೆಯ ಆ ಪುಸ್ತಕ (2011) ತೆರೆಯುವುದು, ಮನೆಯ ಮಾತಿನ ನಡುವೆ ತಾಯಿ ಸಹಜವಾಗಿ ಹೊರಗೆಡವಿದ ಒಂದು ಸಂಗತಿಯಿಂದ: ಈ ಮಗು ಬೇಡವೆಂದು ಯೋಚಿಸಿ ಪುಣೆಯ ದವಾಖಾನೆಗೆ ಹೋದದ್ದಾಗಿತ್ತು, ಡಾಕ್ಟರು ಬರಲಿಲ್ಲ, ಕಾದು ಕಾದು ವಾಪಸು ಬಂದದ್ದಾಯಿತು. ಅಂದು ಬರದೇ ಹೋದ ಡಾ. ಮಧುಮಾಲತಿ ಗುಣೆಯವರಿಗೇ ಕಾರ್ನಾಡರು ಪುಸ್ತಕವನ್ನು ಅರ್ಪಿಸಿದ್ದಾರೆ. ಸಂಸಾರ ಮತ್ತು ಬದುಕನ್ನು ಕುರಿತು ಇಷ್ಟು ಎಚ್ಚರಿಸುವ ಮಾತು ಸುವಿಚಾರದ ಹಲಗೆಗೆ ಎಂದೂ ಏರುವುದಿಲ್ಲ, ಏಕೆಂದರೆ ಅದು ಉಪದೇಶಕ್ಕೆಂದು ಆಡಿದ್ದಲ್ಲ, ಅನ್ನ ಸಾರು ಬಡಿಸುವಷ್ಟೇ ಸಹಜವಾಗಿ ಮನೆಯೊಳಗೆ ಆಡಿದ್ದು.

ಮನೆಯೊಳಗೆ ಹೆಂಗಸರು ಆಡುವ ಮಾತಿನ ಸುಳಿವು ಸಿಕ್ಕ ಮೇಲೆ ದೊಡ್ಡವರ ಪಟ್ಟಿಯನ್ನು ಬದಿಗಿಟ್ಟು 'ಒಡಪು' ಕುರಿತು ಬರೆಯದೆ ವಿಧಿಯಿಲ್ಲ. ಒಡಪೆಂದರೆ ಮೂಲದಲ್ಲಿ ಒಗಟು; ಉತ್ತರ ಕರ್ನಾಟಕದ ಮನೆಗಳಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ, ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಹುದುಗಿಸಿ ಹೇಳುವುದು. ಮರಾಠಿಯವರು ಇದನ್ನೇ ಉಖಾಣಾ ಎನ್ನುತ್ತಾರೆ. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, 'ಇವರು', 'ನಮ್ಮನಿಯವರು' ಎಂದಷ್ಟೇ ಅನ್ನಬೇಕು ಎಂಬ ಕಟ್ಟಳೆಯಿದ್ದ ಮನೆಗಳಲ್ಲಿ, ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ, ಗಂಡಹೆಂಡಿರು ಒಂದೇ ಎಡೆಯಲ್ಲಿ ಉಣ್ಣುವ ಭೂಮದ ಊಟದಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ 'ಹೆಸರು ಹೇಳು' ಎಂದು ಸುತ್ತಲಿನ ಹೆಂಗಸರು ದುಂಬಾಲು ಬೀಳುತ್ತಾರೆ. ಮುಚ್ಚಿದ್ದ ಬಾಗಿಲು ಆ ಹೊತ್ತಿಗೆ ಮಾತ್ರ, ಕವಿತೆಯ ಕೀಲಿಕೈಗೆ ಮಾತ್ರ, ತೆರೆಯುತ್ತದೆ. ಹೆಸರಿಗೆ ಮುಂಚಿನ ಸಾಲಿನಲ್ಲಿ ಏನು ಬೇಕಾದರೂ ಬರಬಹುದು: ಬೆಳ್ಳಿಯ ತಾಟು, ಮಲ್ಲಿಗೆಯ ದಂಡೆ, ಊರ ಅಗಸಿ, ಅತ್ತೆಯ ಸಿಡುಕು. ಹೆಸರು ಬಂದ ಕೂಡಲೇ ನಗೆಯ ಅಲೆ ಏಳುತ್ತದೆ. ಮಾದರಿಗೆ ಇರಲೆಂದು ಈ ಅಂಕಣಕ್ಕಾಗಿಯೇ ಕಟ್ಟಿದ ಒಂದು ಒಡಪು ಹೀಗಿದೆ:

ಕೆಲಗೇರಿ ಕೆರಿ ದಂಡ್ಯಾಗ ತಂಗಾಳಿ ಬೀಸತೈತಿ,
............ ರಾಯರ ಹೆಸರ ಹೇಳಾಕ ನಾಲಿಗಿ ನಾಚತೈತಿ.

ಮೊದಲ ಸಾಲಿಗೂ ಎರಡನೆಯದಕ್ಕೂ ಪ್ರಾಸವಲ್ಲದೆ ಬೇರೆ ನಂಟಿಲ್ಲ ಎಂದು ಪಂಡಿತರು ಮೂಗು ಮುರಿಯಬಹುದು; ನಂಟಿರಬೇಕಾಗಿಯೂ ಇಲ್ಲ, ಏಕೆಂದರೆ ಮೊದಲ ಸಾಲು ಧೈರ್ಯ ತಂದುಕೊಳ್ಳುವುದಕ್ಕೆ ತೆಗೆದುಕೊಂಡ ಉಸಿರು. ಗಮನಿಸಬೇಕಾದದ್ದು ಇದರ ಕಟ್ಟಡವನ್ನು. ಹೇಳಿದವಳ ಹೆಸರು ಎಲ್ಲಿಯೂ ಇಲ್ಲ, ಇರುವುದು ಅವಳಿಗೆ ಬೇಕಾದವನ ಹೆಸರು, ಅದೂ ಬಯಲಲ್ಲಿ ಹೇಳಬಾರದ ಹೆಸರು. ಹಾಗೆಂದ ಮೇಲೆ ಒಡಪು ಅಂಕಿತದ ಒಡಹುಟ್ಟೇ ಸರಿ. ಇದು ಬರಿಯ ಹೋಲಿಕೆಯ ಮಾತಲ್ಲವೆಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣೆಯರ ಅಂಕಿತಗಳನ್ನು ನೋಡಬೇಕು. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಹೆಂಡತಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮೋಳಿಗೆ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ಹೆಂಡತಿ ಮಹಾದೇವಿಯದು 'ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ'. ಒಬ್ಬಳು ಗಂಡನ ಹೆಸರನ್ನು ನೇರವಾಗಿ ಹೇಳಿದಳು, ಇನ್ನೊಬ್ಬಳು 'ಎನ್ನಯ್ಯ' ಎಂದು ಮರೆಮಾಡಿ ಹೇಳಿದಳು. ಇಂದಿನ ಮದುಮಗಳು ತೊಳಲಾಡುವುದೂ ಈ ಎರಡರ ನಡುವೆಯೇ. ಅಕ್ಕಮಹಾದೇವಿ ಇವರಿಬ್ಬರಿಗಿಂತ ಮುಂದೆ ಹೋದವಳು, ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ಸಾರಿ ಪ್ರತಿ ವಚನದ ಕೊನೆಗೂ ಆ ಹೆಸರನ್ನು ಹೇಳಿದವಳು. ಅವಳ ವಚನಗಳನ್ನೆಲ್ಲ ಒಂದು ದೀರ್ಘ ಒಡಪೆಂದು ಓದಿದರೆ ತಪ್ಪಾಗಲಾರದು, ವಿದ್ವತ್ಸಭೆ ಒಪ್ಪಲಿ ಬಿಡಲಿ.

ಲಕ್ಕಮ್ಮನ ಸಂಗತಿ ಇನ್ನೂ ಸ್ವಾರಸ್ಯದ್ದು. 'ಆಯ್ದಕ್ಕಿ' ಎಂದರೆ ಆಯ್ದು ತಂದ ಅಕ್ಕಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳುಗಳನ್ನು ಆರಿಸಿ ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮೊರವನ್ನು ನೋಡಿ, ಇಷ್ಟು ನಮಗೆ ಸಲ್ಲದು, ತಂದಲ್ಲಿಗೇ ಒಯ್ದು ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಅಟ್ಟುತ್ತಾಳೆ. ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದು ಬಂದಿರುವ ಈ ನುಡಿ ಹುಟ್ಟಿದ್ದು ಗಂಡಹೆಂಡಿರ ಅಡುಗೆಮನೆಯ ಜಗಳದಲ್ಲಿ, ಅಕ್ಕಿಯ ಅಳತೆಯ ಮೇಲೆ. ಮತ್ತು ಗಂಡನನ್ನು ತರಾಟೆಗೆ ತೆಗೆದುಕೊಂಡ ಆ ಮಾತಿನ ಕೊನೆಯಲ್ಲೇ 'ಮಾರಯ್ಯಪ್ರಿಯ' ಎಂಬ ಅಂಕಿತ ನಿಂತಿದೆ. ಬಯ್ಗುಳ ಮತ್ತು ಒಲವು ಒಂದೇ ಉಸಿರಿನಲ್ಲಿ ಬಂದ ಇದರಷ್ಟು ನಿಜವಾದ ದಾಂಪತ್ಯದ ಸೂಕ್ತಿಯನ್ನು ಯಾವ ಕ್ಯಾಲೆಂಡರೂ ಅಚ್ಚು ಹಾಕಿದ್ದು ಕಂಡಿಲ್ಲ.

ಹೆಸರಿನ ಮಾತು ಬಂದಾಗ ಧಾರವಾಡದಲ್ಲಿ 1913ರಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರನ್ನು ಬಿಡುವಂತಿಲ್ಲ. ಹಾಡುವವನು ಮುಸ್ಲಿಮನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ ಮೋಗೂಬಾಯಿಯರಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬರ್ಥದ ಅವರ ಮಾತು ಸಂಗೀತಲೋಕದಲ್ಲಿ ಪ್ರಸಿದ್ಧ. ಹೆಸರಿನ ಬಾಲವೊಂದನ್ನು ಹಿಡಿದು ಇಡೀ ಪರಂಪರೆಯನ್ನು ಎಳೆದು ನಿಲ್ಲಿಸಿದ ಈ ಮಾತಿನಲ್ಲಿ ಅಲಂಕಾರವಿಲ್ಲ, ಪ್ರಾಸವಿಲ್ಲ, ಕಹಿಯೂ ಇಲ್ಲ. ತಾಯಿ ಅಂಬಾಬಾಯಿಯೂ ಹಾಡುಗಾರ್ತಿ, ಅವರೂ ಬಾಯಿಯೇ ಎಂಬುದು ತ್ರಿಪದಿಯ ಹೇಳದ ನಾಲ್ಕನೆಯ ಸಾಲಿನಂತೆ ಒಳಗೇ ಉಳಿದಿದೆ. ಬೇಂದ್ರೆಯವರ ತಾಯಿ ಅಂಬಿಕೆ, ಗಂಗೂಬಾಯಿಯವರ ತಾಯಿ ಅಂಬಾಬಾಯಿ. ಮಗ ತಾಯಿಯ ಹೆಸರನ್ನು ಅಂಕಿತ ಮಾಡಿಕೊಂಡ, ಮಗಳು ಊರಿನ ಹೆಸರನ್ನು ಹಿಡಿದು ಹಾಡಿದಳು.

ಪಟ್ಟಿಯೇನೋ ಈ ವಾರವೂ ಬಾಕಿ ಉಳಿಯಿತು. ಕೆಲಗೇರಿಯ ಮದುವೆಗಳಿಗೆ ಹೋಗುವವರು ಇತ್ತೀಚೆಗೆ ಕಾಣುವ ಒಂದು ಬದಲಾವಣೆಯನ್ನು ಹೇಳಿ ಮುಗಿಸಬಹುದು: ದಿನಕ್ಕೆ ಹತ್ತು ಬಾರಿ ಗಂಡನನ್ನು ಹೆಸರು ಹಿಡಿದೇ ಕರೆಯುವ ಮದುಮಗಳು ಒಡಪಿನ ಹೊತ್ತಿಗೆ ತಡವರಿಸಿ ತಂಗಿಯ ಕೈಯಿಂದ ಫೋನು ಇಸಿದುಕೊಳ್ಳುತ್ತಾಳೆ. ಅದರಲ್ಲಿ ಯಾರೋ ಕಳಿಸಿದ ಸಿದ್ಧ ಒಡಪುಗಳಿರುತ್ತವೆ. ಸೂಕ್ತಿಗಳ ಕೆಳಗೆ ಇಲ್ಲದ ಹೆಸರುಗಳನ್ನು ಅಂಟಿಸಿ ಹರಿಬಿಡುವ ಅದೇ ಫೋನಿನಲ್ಲಿ, ಇಲ್ಲಿ ಮಾತ್ರ, ಹೆಸರಿನ ಜಾಗದಲ್ಲಿ ಸಾಲುಚುಕ್ಕೆಗಳಿರುತ್ತವೆ. ಸಾಲನ್ನು ಓದುತ್ತ ಬಂದವಳು ಚುಕ್ಕೆಗಳ ಹತ್ತಿರ ನಿಲ್ಲುತ್ತಾಳೆ, ಫೋನಿನಿಂದ ಕಣ್ಣೆತ್ತುತ್ತಾಳೆ, ಸುತ್ತಲಿನವರು ಕಾಯುತ್ತಾರೆ.